ಒಕ್ಕೊರಲಿನ ಉತ್ತರ

ಹುಬ್ಬಳ್ಳಿ ಧಾರವಾಡಗಳ ಯಾವ ಕನ್ನಡ ಶಾಲೆಯ ಬದಿಯಲ್ಲಿಯೇ ಆಗಲಿ, ಮುಂಜಾನೆ ಹನ್ನೊಂದರ ಸುಮಾರಿಗೆ ನಡೆದು ಹೋಗುವವನ ಕಿವಿಗೆ ಒಂದು ಪ್ರಶ್ನೆಯೂ, ಅದರ ಬೆನ್ನಿಗೇ ನಲವತ್ತು ಕೊರಳುಗಳು ಕೂಡಿ ಹೇಳುವ ಒಂದು ಉತ್ತರವೂ ತಪ್ಪದೆ ಬೀಳುವವು. ‘ತಿಳೀತೇನು?’ ಎಂದು ಮಾಸ್ತರರು ಕೇಳುವರು. ‘ತಿಳೀತ್ರೀ ಸರ’ ಎಂದು ಇಡಿಯ ವರ್ಗ ರಾಗವೆಳೆದು ಹೇಳುವುದು. ಮಾಸ್ತರರು ಹಲಗೆಯನ್ನು ಒರೆಸಿ ಮುಂದಿನ ಲೆಕ್ಕಕ್ಕೆ ಹೋಗುವರು. ಮೂವತ್ತೆರಡು ವರ್ಷ ಈ ಅವಳಿ ಊರುಗಳ ಪ್ರಾಥಮಿಕ ಶಾಲೆಗಳಲ್ಲಿ ಇದೇ ಪ್ರಶ್ನೆಯನ್ನು ಕೇಳಿ, ಇದೇ ಉತ್ತರವನ್ನು ಪಡೆದು, ಅದನ್ನು ನಂಬಿ, ನಿವೃತ್ತಿಗೆ ಕೆಲವೇ ವರ್ಷಗಳು ಉಳಿದಿರುವಾಗ ಆ ನಂಬಿಕೆಯನ್ನು ಕಳೆದುಕೊಂಡವನು ನಾನು. ಒಂದೊಂದು ಮಗುವಿನ ಸಂದೇಹವನ್ನೂ ಅಜ್ಞಾನವನ್ನೂ, ಅಷ್ಟೇ ಅಲ್ಲ, ಒಂದೊಂದು ಮಗುವಿನ ಸ್ವಂತ ಬುದ್ಧಿಯನ್ನೂ ಈ ಒಕ್ಕೊರಲಿನಷ್ಟು ಸಮರ್ಥವಾಗಿ ಮುಚ್ಚಿಡಬಲ್ಲ ಪರದೆ ಮತ್ತೊಂದಿಲ್ಲವೆಂಬುದು ನನಗೆ ತಡವಾಗಿ ತಿಳಿಯಿತು. ತಿಳಿದದ್ದನ್ನು ಈಗ ವೃತ್ತಿಯಲ್ಲಿರುವವರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮಕ್ಕಳನ್ನು ಪಾಠದಲ್ಲಿ ತೊಡಗಿಸುವ ಬಗೆ ಯಾವುದು, ಹಿಂದುಳಿದವರಿಗೆ ಆಸರೆಯಾಗುವ ದಾರಿ ಯಾವುದು ಎಂಬ ಪ್ರಶ್ನೆ ಈಚೆಗೆ ಶಿಕ್ಷಕರ ಸಭೆಗಳಲ್ಲಿಯೂ ತರಬೇತಿ ಶಿಬಿರಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತಿದೆ. ಹಾಡು, ಕುಣಿತ, ಬಣ್ಣದ ಪಟ, ಗೋಡೆಯ ಮೇಲೆ ಬೆಳಗುವ ಸ್ಮಾರ್ಟ್ ಬೋರ್ಡು ಮೊದಲಾದವುಗಳನ್ನು ಅದಕ್ಕೆ ಉತ್ತರವಾಗಿ ಸೂಚಿಸುವರು. ಇವುಗಳಲ್ಲಿ ಯಾವುದನ್ನೂ ನಾನು ಹಳಿಯಲಾರೆ. ಹಾಡಿ ಕಲಿತ ಮಗ್ಗಿ ಮುಪ್ಪಿನವರೆಗೂ ನಾಲಗೆಯ ಮೇಲೆ ನಿಲ್ಲುವುದನ್ನು ಬಲ್ಲೆ. ಆದರೆ ಬೋರ್ಡಿನ ಹೊಸತನ ಒಂದು ತಿಂಗಳಿಗೆ ಸವೆಯುವುದು, ಹಾಡಿನ ಸೊಗಸು ಮೂರನೆಯ ಸಲಕ್ಕೆ ಇಳಿಯುವುದು. ಅವು ಇಳಿದ ಮೇಲೂ ಮಗುವಿನ ಮನಸ್ಸನ್ನು ಶಾಲೆಗೆ ಕಟ್ಟಿಹಾಕುವಂಥದು ಒಂದೇ ಇದೆ: ತಾನು ಆಡಿದ ಮಾತನ್ನು, ತಾನು ಪಾಟಿಯ ಮೇಲೆ ಬರೆದದ್ದನ್ನು, ಎದುರಿಗಿರುವ ಹಿರಿಯರು ನಿಜವಾಗಿ ಕೇಳಿದರು, ನಿಜವಾಗಿ ಓದಿದರು ಎಂಬ ಅನುಭವ. ಸರಿಯಾದ ಉತ್ತರಕ್ಕೆ ಮನ್ನಣೆ ಹೇಗಿದ್ದರೂ ಸಿಕ್ಕೇ ಸಿಗುವುದರಿಂದ, ಅಧ್ಯಾಪಕನ ಅಂತಃಕರಣದ ಪರೀಕ್ಷೆ ನಡೆಯುವುದು ತಪ್ಪು ಉತ್ತರದ ಮುಂದೆ. ತಪ್ಪನ್ನು ಓದಬಲ್ಲವನು ಮಗುವಿಗೆ ಆಸರೆಯಾಗಬಲ್ಲನು. ಅದನ್ನು ಕೇವಲ ಹೊಡೆದುಹಾಕಬಲ್ಲವನು ಉಳಿದ ಯಾವ ಉಪಕರಣವನ್ನು ತಂದರೂ ಮಗುವಿನಿಂದ ದೂರವೇ ಉಳಿಯುವನು.

ಇದನ್ನು ನನಗೆ ಕಲಿಸಿದವಳು ಮೂರನೆಯ ಇಯತ್ತೆಯ ಒಬ್ಬ ಹುಡುಗಿ. ದಶಕ ಕಡ ತಂದು ಕಳೆಯುವ ಲೆಕ್ಕವನ್ನು ಒಂದು ವಾರ ಹೇಳಿಕೊಟ್ಟಿದ್ದೆ. ‘ತಿಳೀತ್ರೀ ಸರ’ ಎಂಬ ಉತ್ತರವನ್ನೂ ಒಂದು ವಾರ ಪಡೆದಿದ್ದೆ. ವಾರದ ಕೊನೆಗೆ ನಲವತ್ತೆರಡರಲ್ಲಿ ಹದಿನೇಳನ್ನು ಕಳೆಯಲು ಕೊಟ್ಟಾಗ ಆಕೆ 35 ಎಂದು ಬರೆದಿದ್ದಳು. ಹಿಂದಿನ ಪುಟಗಳನ್ನು ತಿರುವಿದರೆ ಅಂಥ ಲೆಕ್ಕಗಳೆಲ್ಲವೂ ತಪ್ಪಾಗಿದ್ದು, ಎಲ್ಲದರ ಮೇಲೂ ನನ್ನ ಕೆಂಪು ಗೀರುಗಳಿದ್ದವು. ಆ ದಿನ ಏಕೆಂದು ಹೇಳಲಾರೆ, ಬಹುಶಃ ಮಳೆ ಹಿಡಿದು ಮನೆಗೆ ಹೋಗುವ ಅವಸರವಿರಲಿಲ್ಲವಾದ್ದರಿಂದ ಇರಬಹುದು, ಗೀರೆಳೆಯುವ ಬದಲು ಆಕೆಯನ್ನು ಹತ್ತಿರಕ್ಕೆ ಕರೆದು, ‘ಹ್ಯಾಂಗ ಕಳದೀಯವಾ, ಹೇಳು ನೋಡೂಣು’ ಎಂದೆ. ಅವಳು ಅಂಜುತ್ತಂಜುತ್ತ ಬೆರಳಿಟ್ಟು ತೋರಿಸಿದಳು. ‘ಎರಡರಾಗ ಏಳು ಹೋಗೂದಿಲ್ರೀ. ದೊಡ್ಡದರಾಗ ಸಣ್ಣದು ಕಳೀಬೇಕಂತ ನೀವ ಹೇಳೀರಲ್ರೀ ಸರ. ಅದಕ್ಕ ಏಳರಾಗ ಎರಡು ಕಳದೆ, ಐದು. ನಾಕರಾಗ ಒಂದು ಕಳದೆ, ಮೂರು.’

ನಾನೇ ಹೇಳಿದ್ದೆ. ಅದರ ಹಿಂದಿನ ವರ್ಷ, ಎರಡನೆಯ ಇಯತ್ತೆಯಲ್ಲಿ, ಎಲ್ಲ ಮಾಸ್ತರರೂ ಹೇಳುವಂತೆ ನಾನೂ ಹೇಳಿದ್ದೆ: ಯಾವಾಗಲೂ ದೊಡ್ಡ ಸಂಖ್ಯೆಯಿಂದ ಚಿಕ್ಕ ಸಂಖ್ಯೆಯನ್ನು ಕಳೆಯಬೇಕು. ಆ ಮಗು ನನ್ನ ಮಾತನ್ನು ಮರೆತಿರಲಿಲ್ಲ. ನನಗಿಂತ ನಿಷ್ಠೆಯಿಂದ ಅದನ್ನು ಪಾಲಿಸಿ, ಒಂದೊಂದು ಸ್ಥಾನಕ್ಕೂ ತಪ್ಪದೆ ಅನ್ವಯಿಸಿತ್ತು. ಒಂದು ವಾರದ ಆ ಕೆಂಪು ಗೀರುಗಳನ್ನೆಲ್ಲ ನಾನು ನನ್ನ ವಾಕ್ಯದ ಮೇಲೆಯೇ ಎಳೆದಿದ್ದೆ. ಅಜಾಗರೂಕತೆ, ಮಂದಬುದ್ಧಿ, ಲಕ್ಷ್ಯವಿಲ್ಲದಿರುವಿಕೆ ಎಂದು ನಾವು ಹೆಸರಿಟ್ಟು ಬದಿಗಿಡುವ ತಪ್ಪುಗಳಲ್ಲಿ ಎಷ್ಟೋ ಇಂಥವಾಗಿರುವವು. ಅವುಗಳಿಗೆ ತಮ್ಮದೇ ನಿಯಮವುಂಟು, ತಮ್ಮದೇ ತರ್ಕವುಂಟು. ಅವುಗಳ ಬೇರು ಅನೇಕ ವೇಳೆ ನಮ್ಮ ಹಲಗೆಯ ಮೇಲೆಯೇ ಇರುವುದು. ಮತ್ತೆ ಅದೇ ಲೆಕ್ಕವನ್ನು ನೂರು ಸಲ ಮಾಡಿಸಿದರೂ ಆ ಹುಡುಗಿ ನೂರು ಸಲವೂ 35 ಎಂದೇ ಬರೆಯುತ್ತಿದ್ದಳು; ಏಕೆಂದರೆ ತಾನು ಮಾಡುತ್ತಿರುವುದು ಸರಿಯೆಂಬುದಕ್ಕೆ ಅವಳ ಹತ್ತಿರ ಗುರುವಾಕ್ಯದ ಪ್ರಮಾಣವಿತ್ತು.

ಅವಳ ತಾಯಿ ಹುಬ್ಬಳ್ಳಿಯ ಜನತಾ ಬಜಾರದಲ್ಲಿ ಕಾಯಿಪಲ್ಯ ಮಾರುವವಳೆಂಬುದೂ, ಸೂಟಿಯ ದಿನಗಳಲ್ಲಿ ಹುಡುಗಿಯೇ ಮೆಂತೆ ಕೊತಂಬರಿಗಳ ಸಿವುಡು ಎಣಿಸಿ ಕೊಟ್ಟು ಚಿಲ್ಲರೆ ಹಿಂದಿರುಗಿಸುವಳೆಂಬುದೂ ಆ ಸಂಜೆಯೇ ನನಗೆ ತಿಳಿದದ್ದು. ‘ಹದಿನೇಳು ರೂಪಾಯಿ ಪಲ್ಯೆ ತಗೊಂಡು ನಾನು ನಲವತ್ತೆರಡು ಕೊಟ್ಟರ ತಿರುಗಿ ಎಷ್ಟು ಕೊಡ್ತೀ?’ ಎಂದು ಕೇಳಿದೆ. ‘ಹದಿನೇಳಕ್ಕ ಮೂರು ಹಾಕಿದರ ಇಪ್ಪತ್ತು, ಇಪ್ಪತ್ತರಿಂದ ನಲವತ್ತು ಇಪ್ಪತ್ತು, ಮ್ಯಾಲೆ ಎರಡು, ಇಪ್ಪತ್ತೈದ್ರೀ’ ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೇಳಿದಳು. ಒಂದೇ ಹಣೆಯ ಹಿಂದೆ ಎರಡು ಗಣಿತಗಳಿದ್ದವು. ಬಜಾರದ್ದು ಸರಿಯಾಗಿತ್ತು, ಶಾಲೆಯದು ತಪ್ಪಾಗಿತ್ತು, ಇವೆರಡೂ ಒಂದೇ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಇದು ನಮ್ಮೂರಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಐವರು ಮಕ್ಕಳನ್ನು ಪರೀಕ್ಷಿಸಿ ಅಲ್ಲಿಯ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಗಿರಾಕಿಯ ಮುಂದೆ ನೂರಕ್ಕೆ ತೊಂಬತ್ತೆಂಟು ಲೆಕ್ಕಗಳನ್ನು ಸರಿಯಾಗಿ ಮಾಡಿದ ಆ ಮಕ್ಕಳೇ, ಅಂಥವೇ ಲೆಕ್ಕಗಳನ್ನು ಕಾಗದದ ಮೇಲೆ ಬರಿಯ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ ಮೂವತ್ತೇಳನ್ನು ಮಾತ್ರ ಸರಿಯಾಗಿ ಮಾಡಿದರೆಂಬ ಅಂಶವಿದೆ. ಮಗು ಶಾಲೆಗೆ ಬರುವಾಗ ಬರಿಗೈಯಲ್ಲಿ ಬರುವುದೆಂದು ನಾವು ತಿಳಿಯುತ್ತೇವೆ. ಅದು ತಂದ ಗಂಟನ್ನು ಬಾಗಿಲ ಹೊರಗೆ ಇಡಿಸಿದವರು ನಾವೇ ಎಂಬುದು ನಮ್ಮ ನೆನಪಿಗೆ ಬರುವುದಿಲ್ಲ.

ಆ ಗಂಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಒಡವೆಯೆಂದರೆ ಮನೆಯ ಮಾತು. ಧಾರವಾಡದ ಸೀಮೆಯ ಮಗು ‘ಮನೆ’ ಎಂದು ಬರೆಯಬೇಕಾದಲ್ಲಿ ‘ಮನಿ’ ಎಂದು ಬರೆಯುವುದು, ‘ತಲೆ’ಗೆ ‘ತಲಿ’ ಎನ್ನುವುದು, ‘ಎಲೆ’ಗೆ ‘ಎಲಿ’ ಎನ್ನುವುದು, ‘ಶಾಲೆ’ಯನ್ನು ‘ಸಾಲಿ’ ಎನ್ನುವುದು. ಇವು ನಾಲ್ಕು ಬೇರೆ ಬೇರೆ ತಪ್ಪುಗಳಲ್ಲ; ಪದದ ಕೊನೆಯ ಎಕಾರ ಇಕಾರವಾಗುವುದು ಈ ಪ್ರಾಂತದ ಕನ್ನಡದ ಕ್ರಮ, ಮಗು ಆ ಕ್ರಮವನ್ನು ತಪ್ಪದೆ ಪಾಲಿಸುತ್ತಿದೆ. ಇದನ್ನು ಅರಿತ ಅಕ್ಕೋರು, ‘ಮನ್ಯಾಗ ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತೀವಿ, ಎರಡೂ ನಮ್ಮವ’ ಎಂದು ಒಂದು ದಿನ ಹೇಳಿ, ಹತ್ತು ಪದಗಳನ್ನು ಹೀಗೆ ಜೋಡಿಸಿ ತೋರಿಸಿದರೆ, ಮುಂದಿನ ಪದಗಳನ್ನು ಮಕ್ಕಳೇ ಮಾರ್ಪಡಿಸಿಕೊಂಡಾರು. ಅರಿಯದವರು ಒಂದೊಂದು ‘ಮನಿ’ಯ ಮೇಲೂ ಒಂದೊಂದು ಗೀರೆಳೆದು, ತನ್ನ ತಾಯಿಯ ಬಾಯಿಯಿಂದ ಬಂದದ್ದೆಲ್ಲ ಅಶುದ್ಧವೆಂಬ ಭಾವವನ್ನು ಆರು ವರ್ಷದ ಮಗುವಿನಲ್ಲಿ ನೆಡುವರು; ಆ ಮೇಲೆ ಅದು ಮಾತನಾಡುವುದಿಲ್ಲವೆಂದು ಪಾಲಕರಿಗೆ ದೂರುವರು.

ದ. ರಾ. ಬೇಂದ್ರೆಯವರು ಇದೇ ಧಾರವಾಡದಲ್ಲಿ ಹುಟ್ಟಿ, ಇಲ್ಲಿಯೇ ಪ್ರೌಢಶಾಲೆಯ ಮಾಸ್ತರರಾಗಿದ್ದವರು. ಅವರಿಗೆ 1973ರ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ಕೃತಿಯ ಹೆಸರು ‘ನಾಕುತಂತಿ’. ಮೂರನೆಯ ಇಯತ್ತೆಯ ಮಗುವೊಂದು ತನ್ನ ಬರವಣಿಗೆಯಲ್ಲಿ ‘ನಾಲ್ಕು’ ಎಂಬುದಕ್ಕೆ ‘ನಾಕು’ ಎಂದು ಬರೆದರೆ ನಾವು ಅರ್ಧ ಅಂಕ ಕಳೆಯುತ್ತೇವೆ. ಗ್ರಂಥಭಾಷೆಯನ್ನು ಕಲಿಸಬಾರದೆಂದು ನಾನು ಹೇಳುವುದಿಲ್ಲ. ಅದನ್ನು ಕಲಿಸದಿರುವುದು ಬಡ ಮಗುವಿಗೆ ಮಾಡುವ ದ್ರೋಹವಾದೀತು, ಏಕೆಂದರೆ ಅರ್ಜಿಯಿಂದ ಹಿಡಿದು ಕಾಯಿದೆಯವರೆಗೆ ಎಲ್ಲವೂ ಆ ಭಾಷೆಯಲ್ಲಿದೆ. ಆದರೆ ಹೊಳೆ ದಾಟಿಸುವವನು ಈಚೆಯ ದಂಡೆಯಲ್ಲಿ ದೋಣಿಯನ್ನು ಹಚ್ಚದೆ, ಆಚೆಯ ದಂಡೆಯಲ್ಲಿ ನಿಂತು ಕೂಗಿದರೆ ಯಾರೂ ದಾಟಲಾರರು.

ಈ ಮಾತಿಗೆ ನಮ್ಮ ಊರಿನ ಇತಿಹಾಸದಲ್ಲಿಯೇ ಆಧಾರವಿದೆ. 1818ರಲ್ಲಿ ಪೇಶವೆಯವರ ಆಳ್ವಿಕೆ ಮುಗಿದು ಈ ಸೀಮೆ ಮುಂಬಯಿ ಸರಕಾರಕ್ಕೆ ಸೇರಿದ ಮೇಲೆಯೂ ಕಚೇರಿಗಳಲ್ಲಿ, ಅವುಗಳ ಬೆನ್ನು ಹತ್ತಿ ಶಾಲೆಗಳಲ್ಲಿ, ಮರಾಠಿಯದೇ ಪ್ರಾಬಲ್ಯವಿತ್ತು. ಹೊಲದಲ್ಲಿ ಕನ್ನಡವನ್ನೂ ಅಂಗಳದಲ್ಲಿ ಕನ್ನಡವನ್ನೂ ಆಡುವ ಮಗು, ಶಾಲೆಯ ಹೊಸ್ತಿಲು ದಾಟಿದೊಡನೆ ಮೂಕವಾಗಬೇಕಿತ್ತು. ಮಕ್ಕಳು ಶಾಲೆಯಿಂದ ದೂರ ಸರಿದರೆ ಅದಕ್ಕೆ ರೈತಾಪಿಯವರ ಅನಾಸಕ್ತಿಯೇ ಕಾರಣವೆಂದು ಹೇಳಿ ಕೈ ತೊಳೆದುಕೊಳ್ಳುವುದು ಆಗ ಬಹಳ ಸುಲಭವಾಗಿತ್ತು. ಹಾಗೆ ಕೈತೊಳೆದುಕೊಳ್ಳದವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು. ವಿದ್ಯಾಖಾತೆಯ ಅವರ ಹುದ್ದೆಯೇ ಅವರ ಹೆಸರಿಗೆ ಅಂಟಿಕೊಂಡಿತು. ಊರಿಂದೂರಿಗೆ ತಿರುಗಿ, ಕನ್ನಡ ಶಾಲೆಗಳನ್ನು ತೆರೆಸಿ, ಮಕ್ಕಳನ್ನು ಕಳಿಸಿರೆಂದು ಪಾಲಕರನ್ನು ಒಲಿಸಿ, ಆ ಶಾಲೆಗಳಿಗೆ ಬೇಕಾದ ಮಾಸ್ತರರನ್ನು ತಯಾರಿಸುವ ಕೆಲಸಕ್ಕೂ ಕೈಯಿಕ್ಕಿ, ಓದಲು ಪುಸ್ತಕಗಳಿಲ್ಲದಾಗ ಷೇಕ್ಸ್‌ಪಿಯರನ ನಾಟಕವೊಂದನ್ನು ಕನ್ನಡದ ಕಥೆಯಾಗಿಸಿ, 1881ರಲ್ಲಿ, ಐವತ್ತು ತುಂಬುವ ಮುನ್ನವೇ ತೀರಿಕೊಂಡರು. ಅವರು ಮಾಡಿದ್ದನ್ನು ನಾವು ಭಾಷಾಭಿಮಾನವೆಂದು ಹೊಗಳುತ್ತೇವೆ. ಅದು ಭಾಷಾಭಿಮಾನವೂ ಹೌದು. ಆದರೆ ಶಿಕ್ಷಕನ ಕಣ್ಣಿನಿಂದ ನೋಡಿದರೆ, ವರ್ಗದಲ್ಲಿ ಸುಮ್ಮನೆ ಕುಳಿತ ಮಗುವಿನ ಮೌನಕ್ಕೆ ಕಾರಣವನ್ನು ಮಗುವಿನಲ್ಲಿ ಹುಡುಕದೆ ಪಾಠದಲ್ಲಿ ಹುಡುಕಿದ ವಿವೇಕ ಅದು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಆ ವಿವೇಕಕ್ಕೆ ಪುಸ್ತಕಗಳ ಬಲವನ್ನು ಕೂಡಿಸಿತು.

ಮಾತಿನಂತೆಯೇ ಹಸಿವೂ ಮಗುವಿನೊಡನೆ ಶಾಲೆಗೆ ಬರುವುದು. ಇದನ್ನು ಕುರಿತು ಬಹಳ ಹೇಳಬೇಕಾದದ್ದಿಲ್ಲ, ಏಕೆಂದರೆ ಈ ವಿಷಯದಲ್ಲಿ ನಮ್ಮ ಸಮಾಜ ಸರಿಯಾದ ದಾರಿಯನ್ನು ಹಿಡಿದು ಬಹಳ ಕಾಲವಾಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಕಲಿತ ಹಳ್ಳಿಯ ಹುಡುಗರು ಮುಂದೆ ಈ ನಾಡಿನ ಎಷ್ಟೋ ಶಾಲೆ ಕಾಲೇಜುಗಳನ್ನು ತುಂಬಿದರು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೂ ಹಬ್ಬಿದ ಅಕ್ಷರ ದಾಸೋಹ, ಮಧ್ಯಾಹ್ನದ ವರ್ಗಗಳ ಸ್ವರೂಪವನ್ನೇ ಬದಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಬ್ಬಳ್ಳಿ ಧಾರವಾಡಗಳ ನಡುವೆ ರಾಯಾಪುರದಲ್ಲಿರುವ ದೊಡ್ಡ ಅಡುಗೆಮನೆಯಿಂದ ಲಕ್ಷಕ್ಕೂ ಮಿಕ್ಕಿ ಮಕ್ಕಳಿಗೆ ಊಟ ಹೋಗುವುದು. ಮೂರು ಗಂಟೆಗೆ ತೂಕಡಿಸುತ್ತಿದ್ದ ಹುಡುಗನನ್ನು ಸೋಮಾರಿಯೆಂದು ಬಯ್ದದ್ದು ನೆನಪಾದಾಗ ನನಗೆ ಇಂದಿಗೂ ಸಂಕಟವಾಗುವುದು. ಅನ್ನ ದೊರೆತ ಮೇಲೆ ಅವನು ತೂಕಡಿಸಲಿಲ್ಲ.

ಇಷ್ಟು ಹೇಳಿದೊಡನೆ ಹಿರಿಯರೊಬ್ಬರಾದರೂ ಆಕ್ಷೇಪಿಸುವರೆಂಬುದು ನನಗೆ ಗೊತ್ತು. ‘ಛಡಿಯಿಲ್ಲದೆ ವಿದ್ಯೆ ಹತ್ತೀತೇನು? ನಮ್ಮ ಸೀಮೆಯ ಗವಾಯಿಗಳನ್ನು ನೋಡಿರಿ. ಗುರುವಿನ ಮನೆಯ ನೀರು ಹೊತ್ತು, ಬಯ್ಗುಳ ತಿಂದು ಕಲಿತದ್ದಕ್ಕೇ ಅವರು ದೊಡ್ಡವರಾದರು’ ಎನ್ನುವರು. ಈ ಆಕ್ಷೇಪವನ್ನು ಹಗುರಾಗಿ ತೆಗೆದುಹಾಕುವುದು ಸರಿಯಲ್ಲ, ಏಕೆಂದರೆ ಅದರಲ್ಲಿ ಸತ್ಯದ ಒಂದು ಮಗ್ಗುಲುಂಟು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋದರೆ ಸಮೀಪದಲ್ಲಿಯೇ ಇರುವ, ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ ಸವಾಯಿ ಗಂಧರ್ವರೆಂದು ಪ್ರಖ್ಯಾತರಾದ ರಾಮಭಾವು ಕುಂದಗೋಳಕರರು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 1930ರ ದಶಕದ ಉತ್ತರಾರ್ಧದಲ್ಲಿ ಅವರ ಮನೆಯಲ್ಲಿಯೇ ಇದ್ದು, ಸೇವೆ ಮಾಡಿ ಕಲಿತರು. ಗಂಗೂಬಾಯಿ ಹಾನಗಲ್ಲರು ಸಂಸಾರದ ಭಾರವನ್ನು ಹೊತ್ತುಕೊಂಡೇ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಮನೆಗೆ ಮರಳುತ್ತಿದ್ದರು. ಗುರುಗಳು ನಿಷ್ಠುರರಾಗಿದ್ದರೆಂಬುದರಲ್ಲಿ ಸಂಶಯವಿಲ್ಲ.

ಆದರೆ ಆ ನಿಷ್ಠುರತೆ ಎಂಥದೆಂಬುದನ್ನು ವಿಚಾರಿಸಬೇಕು. ಒಂದು ಸ್ವರಸಮೂಹವನ್ನು ಹೇಳಿಕೊಟ್ಟು, ಅದು ಶಿಷ್ಯೆಯ ಕೊರಳಲ್ಲಿ ನೆಲೆಗೊಳ್ಳುವವರೆಗೆ, ಒಂದು ದಿನವಲ್ಲ, ಹಲವು ದಿನ ಅದನ್ನೇ ಹಾಡಿಸುವುದು, ಹಾಡಿಸುವಾಗ ಪ್ರತಿಯೊಂದು ಸಲವೂ ಎಲ್ಲಿ ಸ್ವರ ಜಾರಿತು, ಎಲ್ಲಿ ಉಸಿರು ತಪ್ಪಿತು ಎಂಬುದನ್ನು ತಾವೇ ಕುಳಿತು ಕೇಳುವುದು ಅವರ ಪಾಠಕ್ರಮವಾಗಿತ್ತು. ಜಿಪುಣನು ಹಣವನ್ನು ವೆಚ್ಚ ಮಾಡುವಂತೆ ಸ್ವರಗಳನ್ನು ಎಣಿಸಿ ಎಣಿಸಿ ಹಾಡಲು ಗುರುಗಳು ಕಲಿಸಿದರೆಂದು ಗಂಗೂಬಾಯಿಯವರು ನೆನೆಯುತ್ತಿದ್ದರು. ಹೀಗೆ ಕಲಿಸಬೇಕಾದರೆ ಗುರುವು ಶಿಷ್ಯರ ತಪ್ಪನ್ನು ಶಿಷ್ಯರಿಗಿಂತ ಹೆಚ್ಚು ಏಕಾಗ್ರತೆಯಿಂದ ಕೇಳಿರಬೇಕು. ಗಂಗೂಬಾಯಿಯವರ ಕಂಠ ಕಾಲಾಂತರದಲ್ಲಿ ಗಂಡಸರ ಕಂಠದಂತೆ ಭಾರವಾಯಿತು. ಅದನ್ನು ದೋಷವೆಂದು ಬಗೆದು ಅಳಿಸುವ ಬದಲು, ಆ ಕಂಠಕ್ಕೇ ಒಪ್ಪುವ ಗಾಂಭೀರ್ಯವನ್ನು ಬೆಳೆಸಿಕೊಂಡು ಅವರು ಕಿರಾಣಾ ಘರಾಣೆಯ ಗಾಯನದಲ್ಲಿ ಬೇರೆ ಯಾರಿಗೂ ಇಲ್ಲದ ಸ್ಥಾನವನ್ನು ಪಡೆದರು. ಗವಾಯಿಗಳ ಪರಂಪರೆಯಿಂದ ಛಡಿಯನ್ನು ಮಾತ್ರ ಎತ್ತಿಕೊಂಡು, ಆ ಆಲಿಸುವಿಕೆಯನ್ನು ಅಲ್ಲಿಯೇ ಬಿಟ್ಟು ಬರುವುದು ಆ ಪರಂಪರೆಗೆ ಮಾಡುವ ಅನ್ಯಾಯ. ಕೇಳಿಸಿಕೊಂಡವನು ನಿಷ್ಠುರನಾಗಿದ್ದರೂ ಶಿಷ್ಯನು ಸಹಿಸುವನು, ಸಹಿಸಿ ಪ್ರೀತಿಸುವನು; ಕೇಳಿಸಿಕೊಳ್ಳದವನ ಏಟು ಅಪಮಾನವಾಗಿಯೇ ಉಳಿಯುವುದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಹದಿನೇಳನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆಗೆ ಅಂಜಿ ಛಡಿಯನ್ನು ಕೆಳಗಿಟ್ಟು ನಾಲಗೆಯನ್ನು ಹರಿತ ಮಾಡಿಕೊಂಡ ಶಿಕ್ಷಕರನ್ನು ಕಂಡಿದ್ದೇನೆ. ಅವರ ವರ್ಗಗಳಲ್ಲಿ ‘ತಿಳೀತ್ರೀ’ ಎಂಬ ಒಕ್ಕೊರಲು ಮತ್ತಷ್ಟು ಗಟ್ಟಿಯಾಗಿ ಕೇಳಿಬರುತ್ತದೆ.

ಗುರುಮನೆಯಲ್ಲಿ ಶಿಷ್ಯರು ಐದಾರು ಮಂದಿ, ನಮ್ಮ ವರ್ಗದಲ್ಲಿ ಐವತ್ತು ಮಂದಿ ಎಂಬ ಮಾತನ್ನು ನನ್ನ ಸಹೋದ್ಯೋಗಿಗಳು ಹೇಳಿದಾಗ ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಅದು ನಿಜವಾದ ಕಷ್ಟ. ಕಿರಿಯ ಪ್ರಾಥಮಿಕದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕನೆಂದು ಅದೇ ಕಾಯಿದೆ ವಿಧಿಸಿದೆ; ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಬೇರೆ ಹೊರಗೆಲಸಕ್ಕೆ ಶಿಕ್ಷಕನನ್ನು ಹಚ್ಚಬಾರದೆಂದೂ ಅದರ ಇಪ್ಪತ್ತೇಳನೆಯ ಕಲಮು ಹೇಳುವುದು. ಇದನ್ನು ಪಾಲಿಸಿರೆಂದು ಕೇಳುವ ಹಕ್ಕು ಶಿಕ್ಷಕರಿಗಿದೆ, ಪಾಲಕರಿಗೆ ಇನ್ನೂ ಹೆಚ್ಚಾಗಿದೆ. ಆದರೆ ಕೇಳುತ್ತಿರುವಷ್ಟು ಕಾಲ ಮಕ್ಕಳು ಕಾದು ಕೂಡಲಾರರು. ಮೂರನೆಯ ಇಯತ್ತೆ ಮಗುವಿನ ಆಯುಷ್ಯದಲ್ಲಿ ಒಮ್ಮೆ ಮಾತ್ರ ಬರುವುದು. ಆದಕಾರಣ ಇದ್ದ ಸ್ಥಿತಿಯಲ್ಲಿಯೇ ಸಾಧ್ಯವಾಗುವ ಒಂದನ್ನು ನನ್ನ ಕೊನೆಯ ವರ್ಷಗಳಲ್ಲಿ ನಾನು ಮಾಡಿ ನೋಡಿದೆ. ದಿನಕ್ಕೆ ಐದೇ ಐದು ಮಕ್ಕಳನ್ನು, ಉಳಿದವರು ಬರೆಯುತ್ತಿರುವಾಗ, ಒಬ್ಬೊಬ್ಬರನ್ನಾಗಿ ಕರೆದು ಕೂಡಿಸಿಕೊಂಡು, ಅವರ ಪಾಟಿಯ ಮೇಲಿನ ಒಂದು ತಪ್ಪನ್ನು ತೋರಿಸಿ ‘ಇದನ್ನ ಹ್ಯಾಂಗ ಮಾಡಿದಿ?’ ಎಂದು ಕೇಳುವುದು. ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುವುದು. ಸುಮ್ಮನಿರುವುದೇ ಈ ಕೆಲಸದ ಕಠಿನ ಭಾಗ, ಏಕೆಂದರೆ ಮಾತನಾಡುವುದಕ್ಕೇ ಸಂಬಳವೆಂದು ನಾವು ತಿಳಿದಿರುವೆವು. ನಲವತ್ತು ಮಕ್ಕಳಿದ್ದರೆ ಎಂಟು ದಿನಕ್ಕೊಮ್ಮೆ ಪ್ರತಿಯೊಂದು ಮಗುವಿನ ಪಾಳಿ ಬರುವುದು. ಎರಡು ತಿಂಗಳೊಳಗೆ ನಾನು ಕಂಡದ್ದೇನೆಂದರೆ, ಮಕ್ಕಳು ತಮ್ಮ ಪಾಳಿಗಾಗಿ ಕಾಯತೊಡಗಿದ್ದರು, ಕೆಲವರು ತಪ್ಪನ್ನು ತಾವೇ ಹುಡುಕಿಕೊಂಡು ತರತೊಡಗಿದ್ದರು.

ಇಲ್ಲಿ ನಲಿ‑ಕಲಿಯನ್ನು ನೆನೆಯದಿದ್ದರೆ ತಪ್ಪಾದೀತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ಕಟ್ಟಿದ ಆ ಪದ್ಧತಿ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಲೆಂದೂ, ಶಿಕ್ಷಕನು ಕುರ್ಚಿಯಿಂದಿಳಿದು ಮಕ್ಕಳ ನಡುವೆ ನೆಲದ ಮೇಲೆ ಕೂಡಲೆಂದೂ ಹೇಳಿತು. 2009ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿತು. ಬಂದ ಕಡೆಗಳಲ್ಲೆಲ್ಲ ಅದರ ಕಲಿಕೆಯ ಕಾರ್ಡುಗಳು ಮುಟ್ಟಿದವು, ಅದರ ಮನಸ್ಸು ಎಲ್ಲ ಕಡೆಗೂ ಮುಟ್ಟಲಿಲ್ಲ; ನೆಲದ ಮೇಲೆ ಕುಳಿತೂ ಒಕ್ಕೊರಲನ್ನೇ ಕೇಳುವುದು ಸಾಧ್ಯವೆಂಬುದನ್ನು ನಾನು ನೋಡಿದ್ದೇನೆ. ಇದಕ್ಕೆ ಪ್ರತಿಯಾಗಿ, 2020ರಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ನಡೆದ ವಿದ್ಯಾಗಮ ಯೋಜನೆಯ ಕೆಲವು ವಾರಗಳಲ್ಲಿ, ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ, ಯಾವ ಸಲಕರಣೆಯೂ ಇಲ್ಲದೆ ಪಾಠ ಹೇಳಿದ ಶಿಕ್ಷಕರು ಮೊತ್ತಮೊದಲು ತಮ್ಮ ಮಕ್ಕಳ ಮನೆಗಳನ್ನು ಕಂಡರು. ಯಾವ ಹುಡುಗಿ ತಮ್ಮನನ್ನು ಎತ್ತಿಕೊಂಡೇ ಬರೆಯುವಳು, ಯಾವ ಹುಡುಗನ ಮನೆಯಲ್ಲಿ ದೀಪವಿಲ್ಲ ಎಂಬುದನ್ನು ತಿಳಿದರು. ರೋಗಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಶಾಲೆ ಮತ್ತೆ ತೆರೆದ ಮೇಲೆ, ಆ ಮನೆಗಳಿಗೆ ನಾವು ಮತ್ತೆ ಹೋಗಲಿಲ್ಲ.

ಹೋಗದಿರುವುದಕ್ಕೆ ಶಿಕ್ಷಕನೊಬ್ಬನೇ ಹೊಣೆಯಲ್ಲ. ತಪಾಸಣೆಗೆ ಬಂದ ಅಧಿಕಾರಿಗಳು ನನ್ನ ಸೇವೆಯ ಅವಧಿಯಲ್ಲೆಲ್ಲ ನನ್ನನ್ನು ಕೇಳಿದ್ದು ಪಾಠ ಎಲ್ಲಿಯವರೆಗೆ ಆಗಿದೆ ಎಂದು; ಯಾವ ಮಗು ಎಲ್ಲಿ ತಡವರಿಸುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಮೊದಲ ವರ್ಷವೇ ನಾನು ಉತ್ತರವನ್ನು ಹುಡುಕಿಕೊಳ್ಳುತ್ತಿದ್ದೆ, ಏಕೆಂದರೆ ಮೇಲಿನವರು ಯಾವುದನ್ನು ಕೇಳುವರೋ ಅದನ್ನೇ ಕ್ರಮೇಣ ಕೆಳಗಿನವರು ಮುಖ್ಯವೆಂದು ಬಗೆಯುವರು. ಡೆಪ್ಯುಟಿ ಚನ್ನಬಸಪ್ಪನವರೂ ತಪಾಸಣೆಯ ಅಧಿಕಾರಿಯೇ ಆಗಿದ್ದರೆಂಬುದನ್ನು ಇಂದು ಅವರ ಕುರ್ಚಿಯಲ್ಲಿ ಕುಳಿತವರು ನೆನೆಯಬೇಕು. ಧಾರವಾಡದ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿ, ಶಿಕ್ಷಕರನ್ನು ತಯಾರಿಸುವ ಇಲ್ಲಿಯ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟೇ: ವರ್ಗಕ್ಕೆ ಹೋದಾಗ ಯಾವುದಾದರೊಂದು ಮಗುವಿನ ಪಾಟಿಯನ್ನು ಕೈಗೆತ್ತಿಕೊಂಡು, ಅದರ ಮೇಲಿನ ಒಂದು ತಪ್ಪನ್ನು ತೋರಿಸಿ, ಅದು ಏಕೆ ಬಂತೆಂದು ಶಿಕ್ಷಕನನ್ನು ಕೇಳಿರಿ, ಉತ್ತರ ಹೊಳೆಯದಿದ್ದರೆ ಬಯ್ಯದೆ, ಇಬ್ಬರೂ ಕೂಡಿ ಆ ಮಗುವನ್ನೇ ಕೇಳಿರಿ. ವರ್ಗದಲ್ಲಿರುವ ಅಕ್ಕೋರಲ್ಲಿ, ಮಾಸ್ತರರಲ್ಲಿ ಕೇಳಿಕೊಳ್ಳುವುದೂ ಇದನ್ನೇ. ನಾಳೆ ‘ತಿಳೀತೇನು?’ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆದು, ಹಿಂದಿನ ಸಾಲಿನಲ್ಲಿ ಎಲ್ಲರೊಡನೆ ಬಾಯಿ ಮಾತ್ರ ಆಡಿಸುವ ಆ ಒಂದು ಮಗುವಿನ ಬಳಿಗೆ ಹೋಗಿ, ಬಗ್ಗಿ, ಅದರ ಪಾಟಿಯನ್ನು ನೋಡಿರಿ.